ಹಿತ್ತಲ ಕೋಳಿಗೂಡು: ಗಾಳಿ ಬಿಡಬೇಕೋ, ಮುಚ್ಚಬೇಕೋ?

ಪ್ರಶ್ನೆ: ಮನೆಯ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಜಾಗ ಖಾಲಿ ಇದೆ. ಮನೆಮಟ್ಟಿಗೆ ಮೊಟ್ಟೆಯಾಗಲೆಂದು ಆರು ಹೇಂಟೆಗಳನ್ನು ಸಾಕುವ ಆಸೆ. ಗೂಡನ್ನು ನಾನೇ ಕಟ್ಟುವವನಿದ್ದೇನೆ. ಹೋದ ವರ್ಷ ಮೂರು ಕೋಳಿಗಳನ್ನು ಮರದ ಪೆಟ್ಟಿಗೆಯೊಂದರಲ್ಲಿಟ್ಟು, ಎದುರಿಗೆ ಕೋಳಿ ಜಾಲರಿ ಹೊಡೆದಿದ್ದೆ. ಒಂದು ಬೆಳಗ್ಗೆ ಮೂರೂ ಸತ್ತು ಬಿದ್ದಿದ್ದವು, ಒಂದನ್ನೂ ಪೂರ್ತಿ ತಿಂದಿರಲಿಲ್ಲ, ಜಾಲರಿಯ ಒಂದು ಮೂಲೆ ಒಳಕ್ಕೆ ಮಡಚಿಕೊಂಡಿತ್ತು. ಹಾಗಾಗಿ ಈ ಸಲ 4 ಅಡಿ ಉದ್ದ, 3 ಅಡಿ ಅಗಲ, 4 ಅಡಿ ಎತ್ತರದ ಗೂಡನ್ನು ನಾಲ್ಕೂ ಕಡೆ ಹಲಗೆಯಿಂದ ಮುಚ್ಚಿ, ಬಾಗಿಲಲ್ಲಿ ಅಂಗೈಯಗಲದ ಒಂದು ಕಿಂಡಿ ಮಾತ್ರ ಬಿಡಬೇಕೆಂದಿದ್ದೇನೆ. ಬಣ್ಣ ಬಳಿದ ಹಳೆಯ ಬಾಗಿಲುಗಳೂ ಸರಕು ಸಾಗಿಸುವ ಮರದ ಪ್ಯಾಲೆಟ್‌ಗಳೂ ಕೈಯಲ್ಲಿವೆ. ಗಾಳಿ ತಾಗಿದರೆ ಕೋಳಿಗೆ ಶೀತವಾಗುತ್ತದೆ, ಹುಂಜವಿಲ್ಲದೆ ಮೊಟ್ಟೆಯೇ ಸಿಗದು ಎನ್ನುತ್ತಾರೆ ನಮ್ಮ ಮಾವನವರು. ಪಕ್ಕದ ಮನೆಯವರಿಗೆ ವಾಸನೆಯ ಚಿಂತೆ, ಹಾವಿನ ಭಯ. ಡಾಕ್ಟರೇ, ನನ್ನ ಯೋಜನೆ ಸರಿಯಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ: ಆ ಬೆಳಗ್ಗೆ ಕಂಡದ್ದನ್ನು ಮತ್ತೊಮ್ಮೆ ಕಾಣಬಾರದು. ಅದಕ್ಕಾಗಿಯೇ ನೀವು ಗೂಡನ್ನು ಪೆಟ್ಟಿಗೆಯಂತೆ ಬಿಗಿದು ಮುಚ್ಚಲು ಹೊರಟಿದ್ದೀರಿ. ಆದರೆ ಕೋಳಿಯನ್ನು ಕೊಲ್ಲುವ ಪ್ರಾಣಿ ಬರುವ ದಾರಿ ಬೇರೆ, ಕೋಳಿಗೆ ಬೇಕಾದ ಗಾಳಿ ಬರುವ ದಾರಿ ಬೇರೆ. ಮೊದಲನೆಯದನ್ನು ತಡೆಯುವ ಭರದಲ್ಲಿ ಎರಡನೆಯದನ್ನೂ ಮುಚ್ಚಿಬಿಟ್ಟರೆ, ಒಂದೇ ರಾತ್ರಿಯಲ್ಲಿ ಆಗುತ್ತಿದ್ದ ನಷ್ಟ ಮೂರು ತಿಂಗಳಲ್ಲಿ ನಿಧಾನವಾಗಿ ಆಗುತ್ತದೆ, ಅಷ್ಟೆ. ಹಿತ್ತಲಲ್ಲಿ ಸಾಕಿದ ಕೋಳಿಗಳನ್ನು ನನ್ನ ಬಳಿಗೆ ತರುವವರಲ್ಲಿ ಹೆಚ್ಚಿನವರು ಹೇಳುವುದು ಗೊರಗೊರ ಉಸಿರಾಟ, ನೀರು ಸುರಿಸುವ ಕಣ್ಣು ಮತ್ತು ಕಡಿಮೆಯಾದ ಮೊಟ್ಟೆಯ ವಿಷಯವನ್ನೇ. ಗೂಡು ಹೇಗಿದೆ ಎಂದು ಕೇಳಿದರೆ, “ಒಂದು ಚೂರೂ ಗಾಳಿ ಹೋಗದ ಹಾಗೆ ಕಟ್ಟಿದ್ದೇನೆ” ಎಂಬ ಹೆಮ್ಮೆಯ ಉತ್ತರ ಬರುತ್ತದೆ.

ನಿಮ್ಮ ಮಾವನವರ ಮಾತಿನಿಂದಲೇ ಆರಂಭಿಸೋಣ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೈತುಂಬ ಗರಿಯ ಹೊದಿಕೆಯಿದ್ದು, ಅದನ್ನು ಉಬ್ಬಿಸಿಕೊಂಡು ಕುಳಿತರೆ ಒಣಗಿದ ಚಳಿಯನ್ನು ಅದು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಮಲಗಿದ ಕೋಳಿಯ ಮೈಮೇಲೆ ರಾತ್ರಿಯಿಡೀ ನೇರವಾಗಿ ಬೀಸುವ ಗಾಳಿ ಮಾತ್ರ ಈ ಗರಿಗಳನ್ನು ಸರಿಸಿ ಒಳಗಿನ ಬಿಸುಪನ್ನು ಕದಿಯುತ್ತದೆ. ಹಿರಿಯರು ಕಂಡಿದ್ದು ಇದನ್ನೇ. ಆದರೆ ನಾವು ಶೀತ ಎಂದು ಕರೆಯುವ ಉಸಿರಾಟದ ಕಾಯಿಲೆಗಳು ತಂಗಾಳಿಯಿಂದ ಹುಟ್ಟುವುದಿಲ್ಲ. ಅವುಗಳಿಗೆ ರೋಗಾಣುಗಳು ಕಾರಣ, ಮತ್ತು ಆ ರೋಗಾಣುಗಳಿಗೆ ದಾರಿ ಮಾಡಿಕೊಡುವುದು ಗೂಡಿನೊಳಗೆ ಸಿಕ್ಕಿಹಾಕಿಕೊಂಡ ಕೆಟ್ಟ ಗಾಳಿ.

ಅದು ಕೆಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾದರೆ ಗೂಡಿನ ಅರ್ಧ ವಿನ್ಯಾಸ ತಾನಾಗಿಯೇ ಹೊಳೆಯುತ್ತದೆ. ಒಂದು ಹೇಂಟೆ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ, ಸೆಖೆಯ ದಿನಗಳಲ್ಲಿ ಅದರ ಎರಡು ಪಟ್ಟು. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ, ಬೇರೆಯಾಗಿ ಮೂತ್ರ ಹೋಗುವುದೂ ಇಲ್ಲ; ಹಾಗಾಗಿ ಮೊಟ್ಟೆಯಲ್ಲಿ ಹೋಗುವಷ್ಟನ್ನು ಬಿಟ್ಟರೆ ಕುಡಿದ ನೀರು ಹೊರಬರುವುದು ಉಸಿರಿನಲ್ಲಿ ಮತ್ತು ಹಿಕ್ಕೆಯಲ್ಲಿ. ಒಂದು ಕೋಳಿ ದಿನಕ್ಕೆ ಹಾಕುವ ಹಸಿ ಹಿಕ್ಕೆ 100 ಗ್ರಾಂಗಿಂತ ಹೆಚ್ಚು, ಅದರ ಮುಕ್ಕಾಲು ಪಾಲು ನೀರು. ಆರು ಕೋಳಿಗಳೆಂದರೆ ವಾರಕ್ಕೆ ನಾಲ್ಕು ಕಿಲೋಗ್ರಾಂ ಮೀರುತ್ತದೆ, ಅದರಲ್ಲಿ ದೊಡ್ಡ ಪಾಲು ರಾತ್ರಿ ಕುಳಿತ ಜಾಗದ ಕೆಳಗೇ ಬೀಳುತ್ತದೆ. ಹಿಕ್ಕೆಯ ಮೇಲಿನ ಬಿಳಿ ಭಾಗದಲ್ಲಿ ಯೂರಿಕ್ ಆಮ್ಲವಿರುತ್ತದೆ. ತೇವ ಸಿಕ್ಕರೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಅನಿಲವನ್ನು ಹುಟ್ಟಿಸುತ್ತವೆ. ಕೋಳಿಯ ಶ್ವಾಸನಾಳದ ಒಳಗೋಡೆಯಲ್ಲಿ ಧೂಳನ್ನೂ ರೋಗಾಣುಗಳನ್ನೂ ಹೊರಕ್ಕೆ ಗುಡಿಸುವ ಸೂಕ್ಷ್ಮ ರೋಮಗಳಿವೆ. ಅಮೋನಿಯಾ ಇವುಗಳನ್ನೇ ಹಾಳುಗೆಡವುತ್ತದೆ. ಕಾವಲುಗಾರನಿಲ್ಲದ ಬಾಗಿಲಿನಿಂದ ಆಮೇಲೆ ಯಾವ ರೋಗ ಬೇಕಾದರೂ ಒಳಬರಬಹುದು.

ಇದನ್ನು ಅಳೆಯಲು ಉಪಕರಣ ಬೇಕಿಲ್ಲ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ, ಒಳಗಿನ ಗಾಳಿ ಹೊರಹೋಗುವ ಮುನ್ನ, ಬಗ್ಗಿ ನಿಮ್ಮ ಮೂಗನ್ನು ಕೋಳಿ ಕುಳಿತ ಎತ್ತರಕ್ಕೆ ತಂದು ಒಮ್ಮೆ ಉಸಿರೆಳೆದುಕೊಳ್ಳಿ. ಮೂಗು ಚುರುಗುಟ್ಟಿದರೆ ಅಥವಾ ಕಣ್ಣು ಉರಿದರೆ ಕೋಳಿ ಆ ಗಾಳಿಯನ್ನು ಹತ್ತು ಗಂಟೆ ಕುಡಿದಿದೆ ಎಂದು ಅರ್ಥ. ನಿಂತಲ್ಲೇ ಮೂಸಿ “ವಾಸನೆಯಿಲ್ಲ” ಎನ್ನುವವರೇ ಹೆಚ್ಚು. ಮಾಡಿನ ಒಳಮೈಯನ್ನೂ ಬೆರಳಿನಿಂದ ಸವರಿ ನೋಡಿ. ಬೆರಳು ಒದ್ದೆಯಾದರೆ ರಾತ್ರಿಯ ಉಸಿರೆಲ್ಲ ಅಲ್ಲೇ ಹನಿಗಟ್ಟಿದೆ. ಅಂಗೈಯಗಲದ ಕಿಂಡಿಯಿರುವ ಗೂಡಿನಲ್ಲಿ ಇವೆರಡೂ ಖಂಡಿತ ಆಗುತ್ತವೆ.

ಹಾಗಾದರೆ ಎಷ್ಟು ತೆರಪು ಬೇಕು? ಕೋಳಿಯೊಂದಕ್ಕೆ ಒಂದು ಚದರಡಿ ಎಂಬುದು ನಾನು ಅನುಸರಿಸುವ ಸ್ಥೂಲ ಲೆಕ್ಕ. ಅದು ಎಲ್ಲಿರಬೇಕು ಎಂಬುದು ಎಷ್ಟಿರಬೇಕು ಎಂಬುದಕ್ಕಿಂತ ಮುಖ್ಯ: ಕುಳಿತ ಕೋಳಿಯ ತಲೆಗಿಂತ ಮೇಲೆ, ಮಾಡಿನ ಸೂರಿನ ಕೆಳಗೆ, ಎದುರುಬದುರಿನ ಎರಡು ಗೋಡೆಗಳಲ್ಲಿ. ನಾನು ಮುಂದೆ ಸೂಚಿಸಲಿರುವ 6 ಅಡಿ ಉದ್ದದ ಗೂಡಿನ ಮುಂದೆ ಮತ್ತು ಹಿಂದೆ, ಗೋಡೆಯ ತುದಿಯಲ್ಲಿ ಅರ್ಧ ಅಡಿ ಅಗಲದ ಪಟ್ಟಿಯನ್ನು ಉದ್ದಕ್ಕೂ ತೆರೆದುಬಿಟ್ಟರೆ ಒಟ್ಟು 6 ಚದರಡಿಯಾಗುತ್ತದೆ. ಆರು ಕೋಳಿಗಳಿಗೆ ಅಲ್ಲಿಗೆ ಲೆಕ್ಕ ಸರಿಹೋಯಿತು. ಬಿಸಿ ಮತ್ತು ತೇವ ತುಂಬಿದ ಗಾಳಿ ಹಗುರಾಗಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ, ಕೋಳಿಯ ಮೈಗೆ ಬೀಸುಗಾಳಿ ತಾಗುವುದಿಲ್ಲ. ಮಾವನವರ ಮಾತೂ ಉಳಿಯಿತು. ಸೆಖೆ ಹೆಚ್ಚಿರುವ ಪ್ರದೇಶವಾದರೆ ಇದು ಸಾಲದು. ಮುಂದಿನ ಗೋಡೆಯ ಮೇಲರ್ಧವನ್ನು ಪೂರ್ತಿ ಜಾಲರಿಯಾಗಿಸಿ, ಗಾಳಿಮಳೆಯ ದಿನಕ್ಕೆ ಇಳಿಬಿಡಲು ಒಂದು ಪರದೆ ಇಟ್ಟುಕೊಳ್ಳಿ. ಕೊಕ್ಕು ತೆರೆದು ಏದುಸಿರು ಬಿಡುತ್ತಾ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಂತ ಕೋಳಿ ಬಿಸಿಗೆ ಸೋಲುತ್ತಿದೆ. ಕೋಳಿಗಳು ಚಳಿಗಿಂತ ಬೇಗ ಸಾಯುವುದು ಬಿಸಿಗೇ.

ಈಗ ಹೋದ ವರ್ಷದ ಆ ರಾತ್ರಿಯ ವಿಷಯ. ಮೂರನ್ನೂ ಕೊಂದು ತಿನ್ನದೆ ಹೋದದ್ದಕ್ಕೆ ಪ್ರಾಣಿಯ ದ್ವೇಷವಾಗಲಿ ಹುಚ್ಚಾಗಲಿ ಕಾರಣವಲ್ಲ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಬಹಳ ಕಡಿಮೆ. ಮುಚ್ಚಿದ ಪೆಟ್ಟಿಗೆಯಲ್ಲಿ ಓಡಲು ಜಾಗವೂ ಇಲ್ಲ. ಒಂದನ್ನು ಹಿಡಿದಾಗ ಉಳಿದವು ರೆಕ್ಕೆ ಬಡಿಯುತ್ತವೆ. ಅಲುಗುವುದರ ಮೇಲೆಲ್ಲ ಎರಗುವುದು ಬೇಟೆ ಪ್ರಾಣಿಯ ಸ್ವಭಾವ. ಬಂದದ್ದು ನಾಯಿಯೋ ಕಾಡುಬೆಕ್ಕೋ ಪುನುಗು ಬೆಕ್ಕೋ ಎಂಬುದನ್ನು ನಿಮ್ಮ ವಿವರಣೆಯಿಂದ ನಿರ್ಧರಿಸಲಾಗದು, ಅದರ ಅಗತ್ಯವೂ ಇಲ್ಲ. ಮಡಚಿಕೊಂಡ ಆ ಜಾಲರಿಯ ಮೂಲೆ ಎಲ್ಲವನ್ನೂ ಹೇಳುತ್ತಿದೆ.

ಕೋಳಿ ಜಾಲರಿ ಎಂಬ ಹೆಸರೇ ಜನರನ್ನು ದಾರಿ ತಪ್ಪಿಸಿದೆ. ಆರು ಮೂಲೆಯ ಕಣ್ಣುಗಳಿರುವ ಆ ಬಲೆ ಕೋಳಿಯನ್ನು ಒಳಗಿಡಲು ಸಾಕು, ಬೇಟೆ ಪ್ರಾಣಿಯನ್ನು ಹೊರಗಿಡಲು ಸಾಲದು. ಅದರ ತಂತಿಗಳು ತೆಳು. ಒಂದಕ್ಕೊಂದು ಹೊಸೆದುಕೊಂಡಿರುತ್ತವೆಯೇ ಹೊರತು ಬೆಸೆದುಕೊಂಡಿರುವುದಿಲ್ಲ. ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ, ಕಣ್ಣುಗಳು ಉದ್ದವಾಗಿ ಬಾಯಿಬಿಡುತ್ತವೆ. ನಿಮಗೆ ಬೇಕಿರುವುದು ಅರ್ಧ ಇಂಚಿನ ಚೌಕ ಕಣ್ಣುಗಳ, ಸುಮಾರು ಒಂದು ಮಿಲಿಮೀಟರ್ ದಪ್ಪದ ತಂತಿಯ, ಬೆಸುಗೆ ಹಾಕಿದ ಜಿಐ ಜಾಲರಿ, ಅಂದರೆ ಸತು ಲೇಪಿಸಿದ ಕಬ್ಬಿಣದ ಜಾಲರಿ. ಬೆಲೆ ಹೆಚ್ಚು, ನಿಜ. ಆದರೆ ಹಣ ಉಳಿಸಬೇಕಾದ ಜಾಗ ಇದಲ್ಲ. ಹೊಡೆಯುವ ರೀತಿಯೂ ಮುಖ್ಯ: ಯು ಆಕಾರದ ಪಿನ್ನುಗಳನ್ನು ಬಲವಾದ ನಾಯಿ ಕಿತ್ತುಹಾಕಬಲ್ಲದು. ಜಾಲರಿಯ ಅಂಚಿನ ಮೇಲೆ ಮರದ ರೀಪನ್ನು ಇಟ್ಟು, ಅಗಲವಾದ ವಾಶರ್ ಹಾಕಿ, ಅರ್ಧ ಅಡಿಗೊಂದು ಸ್ಕ್ರೂ ಬಿಗಿಯಿರಿ. ನಾನು ಮೇಲೆ ಹೇಳಿದ ಗಾಳಿಯ ಪಟ್ಟಿಗಳಿಗೂ ಇದೇ ಜಾಲರಿ.

ಇಲ್ಲಿ ಚಿಕ್ಕದೊಂದು ಎಚ್ಚರಿಕೆ. ಜಾಲರಿಯನ್ನು ಕತ್ತರಿಸುವಾಗ ಸಿಡಿಯುವ ತಂತಿಯ ಚೂರುಗಳನ್ನು ಕೋಳಿ ಹೊಳೆಯುವ ಕಾಳೆಂದು ನುಂಗುತ್ತದೆ. ಅವು ಜಠರದಲ್ಲಿ ಚುಚ್ಚುತ್ತವೆ, ಮೇಲಿನ ಸತುವಿನ ಲೇಪ ವಿಷವಾಗುತ್ತದೆ. ಕೆಲಸ ಮುಗಿದ ಮೇಲೆ ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲದುದ್ದಕ್ಕೂ ಎಳೆಯಿರಿ, ಗುಡಿಸುವುದಕ್ಕಿಂತ ಅದು ಮೇಲು.

ಗೋಡೆ ಗಟ್ಟಿಯಾದ ಮೇಲೆ ಪ್ರಾಣಿ ಕೆಳಗಿನಿಂದ ತೋಡುತ್ತದೆ. ಕೋಳಿಗಳು ಹಗಲು ಓಡಾಡುವ ಜಾಲರಿ ಅಂಗಳದ ಸುತ್ತ ಎರಡಡಿ ಆಳದ ಚರಂಡಿ ತೋಡಿ ಜಾಲರಿ ಹೂಳುವುದು ಒಂದು ದಾರಿ. ಅದು ಸೊಂಟ ಮುರಿಯುವ ಕೆಲಸ, ಮಣ್ಣಿನೊಳಗೆ ಜಾಲರಿಯೂ ಬೇಗ ತುಕ್ಕು ಹಿಡಿಯುತ್ತದೆ. ಇದಕ್ಕಿಂತ ಸುಲಭವೂ ಉತ್ತಮವೂ ಆದ ಉಪಾಯವೆಂದರೆ, ಒಂದೂವರೆ ಅಡಿ ಅಗಲದ ಜಾಲರಿಯನ್ನು ಗೋಡೆಯ ಬುಡಕ್ಕೆ ಬಿಗಿದು, ನೆಲದ ಮೇಲೆಯೇ ಹೊರಮುಖವಾಗಿ ಹಾಸಿ, ಕಲ್ಲು ಹೇರುವುದು. ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ಉಗುರು ಹಾಕುತ್ತದೆ, ಉಗುರಿಗೆ ತಂತಿ ಸಿಗುತ್ತದೆ. ಒಂದೂವರೆ ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ಕೊರೆಯುವಷ್ಟು ಯೋಚನೆ ಅದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಒಂದು ಮಳೆಗಾಲ ಕಳೆದರೆ ಹುಲ್ಲು ಜಾಲರಿಯ ಕಣ್ಣಿನಿಂದೆದ್ದು ಅದನ್ನು ನೆಲಕ್ಕೆ ಹೊಲಿದುಬಿಡುತ್ತದೆ.

ಚಿಲಕ ಇಲ್ಲದ ಗೂಡಿಗೆ ಇವೆಲ್ಲ ವ್ಯರ್ಥ. ತಿರುಗಿಸುವ ಮರದ ಅಗುಳಿಯೊಂದೇ ಸಾಲದು. ಎಳೆದು ಆಮೇಲೆ ಎತ್ತಬೇಕಾದಂಥ ಚಿಲಕ ಹಾಕಿ. ಚಿಲಕವನ್ನು ದಿನವೂ ಹಾಕಬೇಕಾದವರು ಮಾತ್ರ ನೀವೇ. ಸಂಜೆ ಕೋಳಿಗಳು ತಾವಾಗಿಯೇ ಒಳಸೇರುತ್ತವೆ, ನಮಗೆ ಉಳಿಯುವುದು ಬಾಗಿಲು ಹಾಕುವ ಅರ್ಧ ನಿಮಿಷದ ಕೆಲಸ. ಪಶುವೈದ್ಯನಾದ ನಾನೇ, ನೆಂಟರ ಗಲಾಟೆಯ ಒಂದು ರಾತ್ರಿ, ಆ ಅರ್ಧ ನಿಮಿಷವನ್ನು ಮರೆತು ನಾಲ್ಕು ಹೇಂಟೆಗಳನ್ನು ಕಳೆದುಕೊಂಡಿದ್ದೇನೆ. ಜಾಲರಿಯ ತಪ್ಪೇನೂ ಇರಲಿಲ್ಲ.

ಗೂಡಿನ ಅಳತೆಗೆ ಬರುತ್ತೇನೆ. 4 ಅಡಿಗೆ 3 ಅಡಿ ಎಂದರೆ 12 ಚದರಡಿ, ಕೋಳಿಗೆ ತಲಾ ಎರಡು. ರಾತ್ರಿ ಮಲಗಲು ಮಾತ್ರ ಬಳಸಿ, ಬೆಳಕು ಹರಿಯುತ್ತಲೇ ಅಂಗಳಕ್ಕೆ ಬಿಡುವುದಾದರೆ ಇದರಲ್ಲಿ ಹೇಗೋ ನಡೆದೀತು. ಆದರೆ ಎಡೆಬಿಡದ ಮಳೆಗೋ ಊರಿನಲ್ಲಿ ರೋಗವಿದೆ ಎಂಬ ಸುದ್ದಿಗೋ ನಾಲ್ಕು ದಿನ ಒಳಗೇ ಕೂಡಿಹಾಕಬೇಕಾಗಿ ಬಂದರೆ, ಒಂದರ ಗರಿಯನ್ನು ಇನ್ನೊಂದು ಕುಕ್ಕಿ ಕೀಳಲು ತೊಡಗುತ್ತದೆ. ಕುಕ್ಕಿದ ಜಾಗದಲ್ಲಿ ರಕ್ತ ಕಂಡರಂತೂ ಉಳಿದವೂ ಸೇರಿಕೊಳ್ಳುತ್ತವೆ. ಒಳಗೆ ತಲಾ 4 ಚದರಡಿ, ಅಂಗಳದಲ್ಲಿ ತಲಾ 10 ಚದರಡಿ ಇದ್ದರೆ ನೆಮ್ಮದಿ. ಅಂದರೆ 6 ಅಡಿಗೆ 4 ಅಡಿಯ ಗೂಡು, ಅದಕ್ಕೆ ತಾಗಿಕೊಂಡು 10 ಅಡಿಗೆ 6 ಅಡಿಯ ಅಂಗಳ. ನಿಮ್ಮ ಜಾಗದಲ್ಲಿ ಇದು ಧಾರಾಳವಾಗಿ ಹಿಡಿಸುತ್ತದೆ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಯೋಚಿಸಿದ ಅಳತೆಯಲ್ಲೇ ಕಟ್ಟಿ ಕೋಳಿಗಳ ಸಂಖ್ಯೆಯನ್ನು ಮೂರಕ್ಕೆ ಇಳಿಸುವುದು. ಇದರಲ್ಲಿ ಅಪಾಯ ಕಡಿಮೆ, ಆದರೆ ಗೂಡು ಕಟ್ಟಿದವರು ಸಂಖ್ಯೆಯನ್ನು ಮೂರಕ್ಕೆ ನಿಲ್ಲಿಸಿದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಎರಡನೆಯದು, ಹುಲ್ಲಿನ ಮೇಲೆ ದಿನಕ್ಕೊಂದು ಕಡೆ ಎಳೆದುಕೊಂಡು ಹೋಗುವ ತಳವಿಲ್ಲದ ಗೂಡು. ಕೋಳಿಗೆ ಹೊಸ ಹುಲ್ಲು, ಹುಳು ಸಿಗುತ್ತದೆ, ಹಿಕ್ಕೆ ಒಂದೆಡೆ ರಾಶಿಯಾಗುವುದಿಲ್ಲ. ಆದರೆ ನೆಲ ಸಮತಟ್ಟಾಗಿರದಿದ್ದರೆ ಅಂಚಿನ ಕೆಳಗೆ ಸಂದು ಉಳಿಯುತ್ತದೆ, ತೋಡುವ ಪ್ರಾಣಿಗೆ ತಡೆಯೇ ಇರುವುದಿಲ್ಲ. ಒಮ್ಮೆ ಪೆಟ್ಟು ತಿಂದ ನಿಮಗೆ ನಾನು ಇದನ್ನು ಸೂಚಿಸಲಾರೆ. ಮೂರನೆಯದು, ನೆಲದಿಂದ ಎರಡಡಿ ಎತ್ತರದ ಕಾಲುಗಳ ಮೇಲೆ ನಿಲ್ಲುವ ಸ್ಥಿರವಾದ ಗೂಡು. ಅಡಿಯಲ್ಲಿ ಗಾಳಿಯಾಡಿ ಹಲಗೆ ಒಣಗಿರುತ್ತದೆ, ಇಲಿ ಹೆಗ್ಗಣಗಳಿಗೆ ಅಡಗಲು ಜಾಗ ಸಿಗುವುದಿಲ್ಲ, ಹಗಲು ಕೋಳಿಗಳಿಗೆ ಅದೇ ನೆರಳು. ಮರ ಕ್ರಮೇಣ ಕೊಳೆಯುವುದು, ಸಂದುಗಳಲ್ಲಿ ನುಸಿ ಸೇರುವುದು ಇದರ ಕುಂದುಗಳು. ಸಿಮೆಂಟ್ ನೆಲ ಹಾಕಿದರೆ ಈ ಎರಡೂ ಕಡಿಮೆಯಾಗುತ್ತವೆ. ಆದರೆ ಗೂಡಿನ ಜಾಗ ಸರಿಯಿಲ್ಲವೆಂದು ಒಂದು ಮಳೆಗಾಲದ ಬಳಿಕ ತಿಳಿದರೆ ಅದನ್ನು ಕದಲಿಸಲಾಗದು. ಆರು ಕೋಳಿಗಳಿಗೆ ನಾನಾಗಿದ್ದರೆ ಕಾಲಿನ ಮೇಲಿನ ಗೂಡನ್ನೇ ಕಟ್ಟುತ್ತಿದ್ದೆ: ಒಳಗಿನ ಎತ್ತರ ಮುಂದೆ ನಾಲ್ಕೂವರೆ ಅಡಿ, ಹಿಂದೆ ಮೂರೂವರೆ ಅಡಿ, ಹಿಂಬದಿಯ ಗೋಡೆಯ ಕೆಳಭಾಗ ಪೂರ್ತಿ ಬಾಗಿಲಾಗಿ ತೆರೆದುಕೊಳ್ಳುವಂತೆ. ಗುಡಿಸಲು ಕಷ್ಟವಾದ ಗೂಡನ್ನು ಯಾರೂ ಗುಡಿಸುವುದಿಲ್ಲ.

ಮಾಡು ಗೋಡೆಯಿಂದ ಒಂದೂವರೆ ಅಡಿಯಾದರೂ ಹೊರಚಾಚಲಿ, ಇಲ್ಲವಾದರೆ ಗಾಳಿಗೆಂದು ಬಿಟ್ಟ ಪಟ್ಟಿಯಿಂದ ಮಳೆಯೇ ಒಳಬರುತ್ತದೆ. ತಗಡು ಹೊದಿಸುವುದಾದರೆ ಅದರ ಅಲೆಗಳ ತುದಿಯಲ್ಲಿ ಉಳಿಯುವ ಅರ್ಧಚಂದ್ರಾಕಾರದ ತೂತುಗಳನ್ನು ನೋಡಿಕೊಳ್ಳಿ. ಎಲ್ಲವನ್ನೂ ಬಿಗಿಮಾಡಿ ಇದನ್ನು ಮರೆತವರ ಗೂಡಿಗೆ ಇಲಿ ಬರುವುದು ಅಲ್ಲಿಂದಲೇ. ಜಾಲರಿಯ ಪಟ್ಟಿಯಿಂದ ಮುಚ್ಚಿ. ಸಿಮೆಂಟ್ ಮೆತ್ತಬೇಡಿ, ಅದೂ ಗಾಳಿಯ ದಾರಿಯೇ.

ಕೈಯಲ್ಲಿರುವ ಮರದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಎದ್ದ ಬಣ್ಣದ ಚಕ್ಕೆಗಳನ್ನು ಕೋಳಿ ಕುಕ್ಕಿ ತಿನ್ನುತ್ತದೆ, ಸೀಸ ಮೊಟ್ಟೆಯ ಹಳದಿಗೆ ಸೇರುತ್ತದೆ, ಅಲ್ಲಿಂದ ಮನೆಯ ಮಕ್ಕಳಿಗೆ. ಕೋಳಿ ಆರೋಗ್ಯವಾಗಿಯೇ ಕಾಣುವುದರಿಂದ ಇದು ಗೊತ್ತೂ ಆಗುವುದಿಲ್ಲ. ಬಣ್ಣ ಉಜ್ಜಿ ತೆಗೆಯಲು ಹೋದರೆ ಆ ಧೂಳು ನಿಮ್ಮ ಶ್ವಾಸಕೋಶಕ್ಕೆ ಹೋಗುತ್ತದೆ, ಹಾಗಾಗಿ ಬಾಗಿಲುಗಳನ್ನು ಬಿಟ್ಟುಬಿಡಿ. ಪ್ಯಾಲೆಟ್‌ಗಳ ಮೇಲೆ ಸುಟ್ಟು ಒತ್ತಿದ ಮುದ್ರೆಯೊಂದಿರುತ್ತದೆ: ಎಚ್‌ಟಿ ಎಂಬ ಅಕ್ಷರಗಳಿದ್ದರೆ ಮರವನ್ನು ಕಾಯಿಸಿ ಸಂಸ್ಕರಿಸಿದ್ದಾರೆ, ಬಳಸಬಹುದು; ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ್ದು, ಬೇಡ. ಮುದ್ರೆಯೇ ಇಲ್ಲದ, ಎಣ್ಣೆಯ ಕಲೆಯಿರುವ ಮರವೂ ಬೇಡ.

ಒಳಗೆ ಮಲಗಲು ಅಡ್ಡಕೋಲು ಬೇಕು, ತಲಾ 8ರಿಂದ 10 ಇಂಚು ಉದ್ದ. ಎರಡು ಇಂಚು ಅಗಲದ, ಅಂಚು ಉರುಟು ಮಾಡಿದ ಮರದ ಪಟ್ಟಿ ಒಳ್ಳೆಯದು. ಪ್ಲಾಸ್ಟಿಕ್ ಕೊಳವೆಯ ಮೇಲೆ ಕಾಲು ಜಾರುತ್ತದೆ. ಅದು ಮೊಟ್ಟೆಯಿಡುವ ಪೆಟ್ಟಿಗೆಗಿಂತ ಎತ್ತರದಲ್ಲಿರಲೇಬೇಕು. ಸಿಕ್ಕ ಎತ್ತರದ ಜಾಗದಲ್ಲಿ ಮಲಗುವುದು ಕೋಳಿಯ ಹುಟ್ಟುಗುಣ; ಪೆಟ್ಟಿಗೆಯೇ ಎತ್ತರವಾದರೆ ರಾತ್ರಿಯೆಲ್ಲ ಅಲ್ಲೇ ಹಿಕ್ಕೆ ಹಾಕಿ ಬೆಳಗ್ಗೆ ಅದರ ಮೇಲೆ ಮೊಟ್ಟೆಯಿಡುತ್ತದೆ. ಒಂದೂವರೆ ಅಡಿ ಎತ್ತರ ಸಾಕು. ಇನ್ನೂ ಮೇಲಿಂದ ಗಟ್ಟಿ ನೆಲಕ್ಕೆ ಧುಮುಕಿದರೆ ಅಂಗಾಲಿಗೆ ಗಾಯವಾಗಿ ಕೀವುಗಟ್ಟುತ್ತದೆ. ಒಂದಡಿ ಉದ್ದ, ಅಗಲ, ಎತ್ತರದ, ಸ್ವಲ್ಪ ಕತ್ತಲಿರುವ ಪೆಟ್ಟಿಗೆಗಳು ಎರಡು ಸಾಕು. ನೀವು ನಾಲ್ಕು ಇಟ್ಟರೂ ಆರೂ ಹೇಂಟೆಗಳು ಒಂದೇ ಪೆಟ್ಟಿಗೆಯ ಮುಂದೆ ಸರದಿ ನಿಲ್ಲುತ್ತವೆ, ಅದೇಕೆಂದು ಅವೇ ಹೇಳಬೇಕು. ಅಡ್ಡಕೋಲನ್ನು ಕಳಚಿ ತೆಗೆಯುವಂತೆ ಕೂರಿಸಿ. ಕೆಂಪು ನುಸಿ ಹಗಲು ಅದರ ತುದಿಯ ಸಂದಿನಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ. ಕೋಲಿನ ಕೆಳಮೈಯನ್ನು ಬಿಳಿ ಕಾಗದದಿಂದ ಉಜ್ಜಿದಾಗ ಕೆಂಪು ಗೆರೆ ಮೂಡಿದರೆ ನುಸಿಯಿದೆ.

ಹುಂಜದ ಮಾತು ಪೂರ್ತಿ ತಪ್ಪು. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ. ಆ ಮೊಟ್ಟೆ ಮರಿಯಾಗುವುದಿಲ್ಲ, ಅಷ್ಟೆ. ಮೊಟ್ಟೆ ನಿಂತರೆ ವಯಸ್ಸು, ಗರಿ ಉದುರುವ ಕಾಲ, ಆಹಾರ ಇಲ್ಲವೇ 14 ಗಂಟೆಗಿಂತ ಕಡಿಮೆಯಾದ ಹಗಲನ್ನು ಗಮನಿಸಿ. ಪಕ್ಕದ ಮನೆಯವರು ಇರುವ ಕಡೆ, ನಸುಕಿನಲ್ಲೇ ಕೂಗುವ ಹುಂಜ ಇಲ್ಲದಿರುವುದೇ ಲೇಸು.

ನೆರೆಯವರ ಚಿಂತೆ ಹುಸಿಯಲ್ಲ, ಅದಕ್ಕೆ ಪರಿಹಾರವೂ ಇದೆ. ಒಣಗಿದ ಹಿಕ್ಕೆ ನಾರುವುದು ಬಹಳ ಕಡಿಮೆ, ಒದ್ದೆಯಾದದ್ದು ನಾರುತ್ತದೆ. ನೆಲದ ಮೇಲೆ ನಾಲ್ಕು ಇಂಚು ಒಣ ಹೊಟ್ಟು ಹಾಸಿ. ಅಡ್ಡಕೋಲಿನ ಕೆಳಗೆ ಒಂದು ಹಲಗೆಯಿಟ್ಟು ಎರಡು ಮೂರು ದಿನಕ್ಕೊಮ್ಮೆ ಕೆರೆದು ಗೊಬ್ಬರದ ಗುಂಡಿಗೆ ಹಾಕಿ. ನೀರಿನ ಪಾತ್ರೆಯನ್ನು ಗೂಡಿನ ಹೊರಗಿಡಿ. ಬೆಚ್ಚಗಿನ ದಿನಗಳಲ್ಲಿ ನೊಣದ ಮೊಟ್ಟೆ ನೊಣವಾಗಲು 7ರಿಂದ 10 ದಿನ ಬೇಕು, ಆದುದರಿಂದ ವಾರಕ್ಕಿಂತ ಹೆಚ್ಚು ದಿನ ಹಸಿ ಹಿಕ್ಕೆ ಉಳಿಯದಿದ್ದರೆ ಅಲ್ಲಿ ನೊಣ ಹುಟ್ಟಲಾರದು. ಹಾವು ಹೆಚ್ಚಾಗಿ ಬರುವುದು ಇಲಿಯನ್ನರಸಿ, ಇಲಿ ಬರುವುದು ಚೆಲ್ಲಿದ ಕಾಳಿಗೆ. ಆಹಾರವನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಸಂಜೆಯೇ ತೆಗೆದು, ಮೊಟ್ಟೆಗಳನ್ನು ಆಯಾ ದಿನವೇ ಆರಿಸಿ, ಗೂಡಿನ ಸುತ್ತ ಕಟ್ಟಿಗೆಯ ರಾಶಿ ಇಲ್ಲದಂತೆ ನೋಡಿಕೊಂಡರೆ ಭಯ ಬಹುಪಾಲು ತಗ್ಗುತ್ತದೆ. ಅರ್ಧ ಇಂಚಿನ ಜಾಲರಿ ದೊಡ್ಡ ಹಾವನ್ನು ತಡೆಯುತ್ತದೆ, ಸಣ್ಣ ಮರಿಯನ್ನು ತಡೆಯಲಾರದು. ಇದನ್ನು ನೆರೆಯವರಿಗೆ ಮುಚ್ಚಿಡಬೇಡಿ. ಕಟ್ಟುವ ಮೊದಲು ಸ್ಥಳೀಯ ಆಡಳಿತದ ನಿಯಮಗಳನ್ನೂ, ಗಡಿಗೋಡೆಯಿಂದ ಎಷ್ಟು ದೂರ ಬಿಡಬೇಕೆಂಬುದನ್ನೂ ವಿಚಾರಿಸಿ. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ಬಗ್ಗೆ ಹತ್ತಿರದ ಪಶುವೈದ್ಯರನ್ನು ಕೇಳಿ, ಗೂಡಿನ ಕೆಲಸದ ಬಳಿಕ ಸೋಪಿನಿಂದ ಕೈ ತೊಳೆಯಿರಿ, ಒಟ್ಟೊಟ್ಟಿಗೆ ಕೋಳಿಗಳು ಸತ್ತರೆ ಹೂಳುವ ಮೊದಲೇ ತಿಳಿಸಿ.

ಗೂಡು ಮುಗಿದ ದಿನವೇ ಕೋಳಿ ತರಬೇಡಿ. ಕತ್ತಲಾದ ಮೇಲೆ ಮನೆಯವರೊಬ್ಬರು ಬ್ಯಾಟರಿ ಹಿಡಿದು ಗೂಡಿನೊಳಗೆ ಬೆಳಕು ಹಾಯಿಸುತ್ತಿರಲಿ, ನೀವು ಹೊರಗೆ ಒಂದು ಸುತ್ತು ಬನ್ನಿ. ಮೇಲಿನ ಗಾಳಿಪಟ್ಟಿಯಲ್ಲಿ ಬೆಳಕು ಧಾರಾಳವಾಗಿ ಕಾಣಬೇಕು; ಅದರ ಕೆಳಗೆ ಎಲ್ಲಿ ಬೆಳಕಿನ ಗೆರೆ ಕಂಡರೂ ಸೀಮೆಸುಣ್ಣದಿಂದ ಗುರುತು ಹಾಕಿ, ಮರುದಿನ ರೀಪೋ ಜಾಲರಿಯೋ ಹೊಡೆದು ಮುಚ್ಚಿ. ಕೋಳಿಗಳನ್ನು ತಂದ ಮೇಲೆ ಮೊದಲ ಒಂದು ವಾರ ಗೂಡು ಮತ್ತು ಜಾಲರಿ ಅಂಗಳದಿಂದಾಚೆ ಬಿಡಬೇಡಿ. ಎಂಟನೆಯ ದಿನ, ಕತ್ತಲಿಗೆ ಒಂದು ಗಂಟೆ ಇರುವಾಗ ಅಂಗಳದ ಬಾಗಿಲು ತೆರೆಯಿರಿ. ದೂರ ಹೋಗಲು ಹೊತ್ತಿರುವುದಿಲ್ಲ, ಕತ್ತಲು ಕವಿಯುವಷ್ಟರಲ್ಲಿ ಆರೂ ಒಂದರ ಹಿಂದೊಂದು ಅಡ್ಡಕೋಲು ಹತ್ತಿ ಕುಳಿತಿರುತ್ತವೆ. ಎಣಿಸಿ, ಆಮೇಲೆ ಚಿಲಕ ಹಾಕಿ.